ಮೋಟಾರು ಬದಲಿಸುವ ಮೊದಲು ತಕ್ಕಡಿ ಹಿಡಿಯಿರಿ

ಪ್ರಶ್ನೆ: ನಾನು ತುಮಕೂರಿನವನು. ಒಂಬತ್ತನೇ ತರಗತಿಯ ಮಗಳ ಜೊತೆ ಸೇರಿ 3 ಮಿ.ಮೀ. ಸನ್‌ಬೋರ್ಡಿನಲ್ಲಿ ಒಂದು ರೇಡಿಯೊ ನಿಯಂತ್ರಿತ ವಿಮಾನ ಕಟ್ಟಿದೆ. ರೆಕ್ಕೆ ಈ ತುದಿಯಿಂದ ಆ ತುದಿಗೆ 100 ಸೆಂ.ಮೀ., ಅಗಲ 16 ಸೆಂ.ಮೀ., ಒಂದೇ ಚಪ್ಪಟೆ ಹಾಳೆ. 2212 ಅಳತೆಯ ಮೋಟಾರು (1000 ಕೆವಿ, ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು), 10 ಇಂಚಿನ ಪ್ರೊಪೆಲರ್, 2200 ಎಂಎಎಚ್‌ನ ಮೂರು ಸೆಲ್ ಬ್ಯಾಟರಿ. ಬ್ಯಾಟರಿ ಇರುವುದು ರೆಕ್ಕೆಯ ನಟ್ಟನಡುವಿನ ಕೆಳಗೆ. ಒಟ್ಟು ತೂಕ 1150 ಗ್ರಾಂ. ಮೂರು ಸಲ ಎಸೆದೆವು. ಮೂರು ಸಲವೂ ಮೂಗು ಮೇಲೆತ್ತಿತು, ಎಡಕ್ಕೆ ವಾಲಿತು, ನೆಲಕ್ಕೆ ಬಿತ್ತು. 2200 ಕೆವಿಯ ಮೋಟಾರು ಹಾಕಿದರೆ ಹಾರುತ್ತದೆಯೇ? ಇಲ್ಲ, ಸಿದ್ಧ ವಿಮಾನ ಕೊಂಡುಬಿಡುವುದೇ ಒಳ್ಳೆಯದೇ?

ಉತ್ತರ: ಬಿದ್ದ ವಿಮಾನದ ಬಗ್ಗೆ ಕೇಳುವವರು ಬಹಳ ಮಂದಿ. ಅಳತೆ, ತೂಕ, ಬಿದ್ದ ರೀತಿ ಮೂರನ್ನೂ ಬರೆದು ಕೇಳುವವರು ಅಪರೂಪ. ನೀವು ಕೊಟ್ಟ ಅಂಕಿಗಳಲ್ಲೇ ಉತ್ತರ ಇದೆ. ನಿಮ್ಮ ಮೋಟಾರಿನದು ಏನೂ ತಪ್ಪಿಲ್ಲ, ಅದನ್ನು ಬದಲಿಸಬೇಡಿ. ಮೂರು ಸೆಲ್ ಬ್ಯಾಟರಿಗೆ 10 ಇಂಚಿನ ಪ್ರೊಪೆಲರ್ ಹಾಕಿದ 2212 ಮೋಟಾರು ಸುಮಾರು 800 ಗ್ರಾಂ ಎಳೆತ ಕೊಡುತ್ತದೆ. ಕಲಿಯುವವರ ವಿಮಾನಕ್ಕೆ ತೂಕದ ಮುಕ್ಕಾಲು ಪಾಲು ಎಳೆತ ಇದ್ದರೆ ಧಾರಾಳ. 2200 ಕೆವಿ ಮೋಟಾರು ಆರು ಇಂಚಿನ ಪುಟ್ಟ ಪ್ರೊಪೆಲರನ್ನು ಬಿರುಸಾಗಿ ತಿರುಗಿಸುವಂಥದು. ವೇಗದ ವಿಮಾನಕ್ಕೆ ಅದು ಸರಿ. ಕೈಯಿಂದ ಎಸೆದ ಮೊದಲ ಕ್ಷಣದಲ್ಲಿ, ವಿಮಾನ ಇನ್ನೂ ನಿಧಾನವಾಗಿರುವಾಗ ಬೇಕಾಗುವ ಎಳೆತ ಅದರಿಂದ ಬಾರದು. ಬ್ಯಾಟರಿಯನ್ನು ಮಾತ್ರ ಬೇಗ ಹೀರುತ್ತದೆ.

ತೊಂದರೆ ಇರುವುದು ಹಾಳೆಯಲ್ಲಿ. ಸನ್‌ಬೋರ್ಡ್ ಎಂದು ನೀವು ತಂದದ್ದು ಅಂಗಡಿ ಬೋರ್ಡುಗಳಿಗೆ ಬಳಸುವ ಪಿವಿಸಿ ಹಾಳೆ. ನಮ್ಮ ಊರುಗಳಲ್ಲಿ ಎಲ್ಲ ಬಗೆಯ ಹಾಳೆಗೂ ಸನ್‌ಬೋರ್ಡ್ ಎಂದೇ ಹೆಸರು, ಅಂಗಡಿಯವರು ಕೈಗೆ ಸಿಕ್ಕದ್ದನ್ನು ಕೊಡುತ್ತಾರೆ. ನಿಮಗೆ ಬೇಕಿದ್ದದ್ದು ಎರಡೂ ಮೈಗೆ ಕಾಗದ ಅಂಟಿಸಿದ, ಒಳಗೆ ಹಗುರ ಫೋಮ್ ಇರುವ 5 ಮಿ.ಮೀ. ಫೋಮ್ ಬೋರ್ಡ್. ಶಾಲೆಯ ಪ್ರಾಜೆಕ್ಟ್ ಮಾದರಿಗಳಿಗೆ, ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೆ ಮಾರುವ ಹಾಳೆ ಅದು. ಕಣ್ಣಳತೆಗೆ ಮೋಸ ಹೋಗದಿರಲು ಒಂದು ಉಪಾಯವಿದೆ. ಯಾವ ಹಾಳೆ ತಂದರೂ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತುಂಡು ಕತ್ತರಿಸಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಡಿ. 3 ಮಿ.ಮೀ. ಪಿವಿಸಿ ಹಾಳೆಯ ತುಂಡು 15 ಗ್ರಾಂ ಮೇಲೆಯೇ ತೂಗುತ್ತದೆ. ಕಾಗದದ ಫೋಮ್ ಬೋರ್ಡ್ ಐದಾರು ಗ್ರಾಂ. ಯುರೋಪಿನಲ್ಲಿ ನೆಲಹಾಸಿನ ಅಡಿಗೆ ಶಾಖನಿರೋಧಕವಾಗಿ ಹಾಕಲು ಮಾಡಿದ, ಈಗ ವಿಮಾನ ಕಟ್ಟುವವರು ಪ್ರೀತಿಯಿಂದ ಬಳಸುವ ಡೆಪ್ರಾನ್ ಹಾಳೆ 6 ಮಿ.ಮೀ. ದಪ್ಪದಲ್ಲೂ ಎರಡು ಗ್ರಾಮಿನ ಆಸುಪಾಸು. ಒಂದು ಮೀಟರ್ ರೆಕ್ಕೆಯ ವಿಮಾನಕ್ಕೆ ಇಂಥ ಐವತ್ತು, ಐವತ್ತೈದು ತುಂಡುಗಳಷ್ಟು ಹಾಳೆ ಹೋಗುತ್ತದೆ. ಗುಣಿಸಿ ನೋಡಿ: ಪಿವಿಸಿಯಲ್ಲಿ ಬರಿಯ ಮೈಯೇ 800 ಗ್ರಾಂ, ಫೋಮ್ ಬೋರ್ಡಿನಲ್ಲಿ 300. ನಿಮ್ಮ ವಿಮಾನ ಕಟ್ಟುವ ಮೇಜಿನ ಮೇಲೆಯೇ ಸೋತಿತ್ತು, ಮೈದಾನಕ್ಕೆ ಬಂದು ಬಿದ್ದದ್ದು ಆಮೇಲೆ.

ತೂಕ ಏಕೆ ಇಷ್ಟು ಮುಖ್ಯ ಎಂಬುದನ್ನು ಮಗಳಿಗೆ ಲೆಕ್ಕದಲ್ಲೇ ತೋರಿಸಿ. ರೆಕ್ಕೆಯ ವಿಸ್ತೀರ್ಣ 100 ಗುಣಿಸು 16, ಅಂದರೆ 1600 ಚದರ ಸೆಂ.ಮೀ. ಮಾದರಿ ವಿಮಾನದವರು ಇದನ್ನು ಚದರ ಡೆಸಿಮೀಟರಿನಲ್ಲಿ ಹೇಳುತ್ತಾರೆ: 16. ತೂಕವನ್ನು ಇದರಿಂದ ಭಾಗಿಸಿದರೆ ಒಂದು ಚದರ ಡೆಸಿಮೀಟರ್ ರೆಕ್ಕೆ ಹೊರಬೇಕಾದ ಹೊರೆ ಸಿಗುತ್ತದೆ. ನಿಮ್ಮದರಲ್ಲಿ ಅದು 72 ಗ್ರಾಂ. ಕಲಿಕೆಯ ವಿಮಾನಕ್ಕೆ 30ರಿಂದ 35 ಹಿತ, 40 ದಾಟಿದರೆ ಕಷ್ಟ. ಹೊರೆ ಹೆಚ್ಚಿದಷ್ಟೂ ವಿಮಾನ ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗವೂ ಹೆಚ್ಚುತ್ತದೆ. ಚಪ್ಪಟೆ ರೆಕ್ಕೆಯ ನಿಮ್ಮ ವಿಮಾನಕ್ಕೆ ಆ ವೇಗ ಗಂಟೆಗೆ ಸುಮಾರು 45 ಕಿ.ಮೀ. ಎಂದು ನನ್ನ ಲೆಕ್ಕ. ಒಂದು ಕಿಲೋ ಮೀರಿದ ವಸ್ತುವನ್ನು ನೇರವಾಗಿ ಎಸೆಯುವಾಗ ಕೈಯಿಂದ ಬರುವ ವೇಗ 25, ಹೆಚ್ಚೆಂದರೆ 30. ಕೊರತೆ ತುಂಬಿಕೊಳ್ಳಲು ವಿಮಾನಕ್ಕೆ ಎರಡು ಮೂರು ಸೆಕೆಂಡು ಬೇಕು, ನೆಲ ಅಷ್ಟು ಸಮಯ ಕೊಡುವುದಿಲ್ಲ. ಇನ್ನೂ ಒಂದು ಮಾತು: ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ತುಮಕೂರಿನ ಗಾಳಿ ಮಂಗಳೂರಿನ ಗಾಳಿಗಿಂತ ನೂರಕ್ಕೆ ಏಳೆಂಟರಷ್ಟು ತೆಳು. ಕರಾವಳಿಯ ಗೆಳೆಯರ ವಿಮಾನ ಅದೇ ತೂಕದಲ್ಲಿ ಇನ್ನಷ್ಟು ನಿಧಾನವಾಗಿ ಹಾರುತ್ತದೆ. ನಾವು ಘಟ್ಟದ ಮೇಲಿನವರು ತೂಕದಲ್ಲಿ ಇನ್ನೂ ಸ್ವಲ್ಪ ಬಿಗಿಯಾಗಿರಬೇಕು.

ಈಗ ಮೂಗು ಎತ್ತಿದ ವಿಷಯ. ಮಗಳು ಗಾಳಿಪಟ ಹಾರಿಸಿದ್ದರೆ ಅವಳಿಗೆ ಇದು ಆಗಲೇ ಗೊತ್ತು. ಗಾಳಿಪಟಕ್ಕೆ ಸೂತ್ರ ಕಟ್ಟುವಾಗ ಗಂಟು ಒಂದು ಬೆರಳು ಆಚೀಚೆಯಾದರೂ ಪಟ ಗಿರಗಿರನೆ ತಿರುಗಿ ತಲೆಕೆಳಗಾಗುತ್ತದೆ. ಕಾಗದ ಎಷ್ಟೇ ಚೆನ್ನಾಗಿರಲಿ, ಸೂತ್ರ ತಪ್ಪಿದ ಪಟ ಏರುವುದಿಲ್ಲ. ವಿಮಾನದಲ್ಲಿ ಆ ಗಂಟಿನ ಜಾಗವೇ ಗುರುತ್ವಕೇಂದ್ರ. ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಕಾಲು ಭಾಗ ಮತ್ತು ಮೂರನೇ ಒಂದು ಭಾಗದ ನಡುವೆ ಅದು ಇರಬೇಕು. 16 ಸೆಂ.ಮೀ. ಅಗಲದ ರೆಕ್ಕೆಗೆ ಅಂಚಿನಿಂದ 4ರಿಂದ 5 ಸೆಂ.ಮೀ. ಹಿಂದೆ. ಎಲ್ಲಕ್ಕಿಂತ ಭಾರವಾದ ಬ್ಯಾಟರಿಯನ್ನು ನೀವು ರೆಕ್ಕೆಯ ನಡುವೆ, ಅಂದರೆ 8 ಸೆಂ.ಮೀ. ಹಿಂದೆ ಇಟ್ಟಿದ್ದೀರಿ. ಬಾಲವೂ ಭಾರದ ಪಿವಿಸಿಯದೇ. ಹೀಗಾಗಿ ಬಾಲ ಕೆಳಗೆ ಜಗ್ಗಿತು, ಮೂಗು ಎದ್ದಿತು, ಮೊದಲೇ ಸಾಲದ ವೇಗ ಇನ್ನೂ ಕುಸಿಯಿತು. ರೆಕ್ಕೆ ಗಾಳಿಯ ಹಿಡಿತ ಬಿಟ್ಟುಕೊಟ್ಟಿತು. ಅದೇ ಹೊತ್ತಿಗೆ, ಹಿಂದಿನಿಂದ ನೋಡಿದಾಗ ಪ್ರೊಪೆಲರ್ ಬಲಕ್ಕೆ ಸುತ್ತುವ ವಿಮಾನದ ಮೈ ಅದಕ್ಕೆ ಎದುರಾಗಿ ಎಡಕ್ಕೆ ತಿರುಗಲು ನೋಡುತ್ತದೆ. ಹಾರುವ ವೇಗವಿದ್ದಾಗ ಅದನ್ನು ರೆಕ್ಕೆ ತಡೆಯುತ್ತದೆ, ನಿಮ್ಮ ವಿಮಾನದಲ್ಲಿ ತಡೆಯುವ ಶಕ್ತಿ ಉಳಿದಿರಲಿಲ್ಲ. ಮೂರು ಸಲವೂ ಒಂದೇ ರೀತಿ ಬಿದ್ದದ್ದು ಇದಕ್ಕೇ.

ಹೊಸದನ್ನು ಕಟ್ಟಿ. ಹಳೆಯದರ ಮೋಟಾರು, ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕಿಟ್), ಸರ್ವೊ (ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರು), ರಿಸೀವರ್ ಎಲ್ಲವೂ ಇದಕ್ಕೇ ಬರುತ್ತವೆ. ಬ್ಯಾಟರಿ ಮಾತ್ರ 1300 ಎಂಎಎಚ್‌ನದು ತನ್ನಿ, 60 ಗ್ರಾಂ ಮೇಲೆ ಉಳಿಯುತ್ತದೆ, ಎಂಟು ಹತ್ತು ನಿಮಿಷದ ಹಾರಾಟಕ್ಕೆ ಅದು ಸಾಕು. ರೆಕ್ಕೆ 100 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ. ಅಡ್ಡಬಾಲ 40 ಸೆಂ.ಮೀ. ಉದ್ದ, 11 ಸೆಂ.ಮೀ. ಅಗಲ: ರೆಕ್ಕೆಯ ವಿಸ್ತೀರ್ಣದ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ನಿಂತ ಬಾಲ ಅದರ ಅರ್ಧದಷ್ಟು. ರೆಕ್ಕೆಯ ಮುಂದಿನ ಅಂಚಿನಿಂದ ಅಡ್ಡಬಾಲದ ಮುಂದಿನ ಅಂಚಿಗೆ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ಅಂತರವಿರಲಿ. ಮೈ ಆರೇಳು ಸೆಂ.ಮೀ. ಚೌಕದ ಉದ್ದ ಪೆಟ್ಟಿಗೆ, ಹಿಂದಕ್ಕೆ ಹೋದಂತೆ ಸಣ್ಣದಾಗಲಿ. ಚಕ್ರ ಬೇಡ. ಹುಲ್ಲಿನ ಮೇಲೆ ಹೊಟ್ಟೆಯಲ್ಲೇ ಇಳಿಸಿದರಾಯಿತು, ಚಕ್ರದ ತೂಕವೆಲ್ಲ ಉಳಿತಾಯ. ಒಟ್ಟು 600ರಿಂದ 650 ಗ್ರಾಂ ಒಳಗೆ ಮುಗಿಯಬೇಕು. ಆಗ ಹೊರೆ 30ರ ಆಸುಪಾಸಿಗೆ ಇಳಿಯುತ್ತದೆ, ಬೇಕಾದ ಕನಿಷ್ಠ ವೇಗ 26, 27 ಕಿ.ಮೀ.ಗೆ ಬರುತ್ತದೆ. ಅದು ಕೈಯಿಂದ ಎಸೆದೇ ಮುಟ್ಟಬಹುದಾದ ವೇಗ.

ರೆಕ್ಕೆಯನ್ನು ಚಪ್ಪಟೆಯಾಗಿ ಬಿಡಬೇಡಿ. ರಿಚರ್ಡ್ ಕ್ಲೈನ್ ಮತ್ತು ಫ್ಲಾಯ್ಡ್ ಫಾಗಲ್‌ಮನ್ ಎಂಬ ಇಬ್ಬರು ಅಮೆರಿಕನ್ನರು ಕಾಗದದ ವಿಮಾನದಿಂದ ಶುರುಮಾಡಿ ಮೆಟ್ಟಿಲಿರುವ ಒಂದು ರೆಕ್ಕೆಯನ್ನು ರೂಪಿಸಿದರು, 1972ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ದೊಡ್ಡ ವಿಮಾನಗಳು ಅದನ್ನು ಒಪ್ಪಿಕೊಳ್ಳಲಿಲ್ಲ. ಫೋಮ್ ವಿಮಾನ ಕಟ್ಟುವವರಿಗೆ ಮಾತ್ರ ಅದು ವರವಾಯಿತು. ಮಾಡುವುದು ಇಷ್ಟೇ: ಪೂರ್ತಿ ಅಗಲದ ಹಾಳೆಯ ಮೇಲೆ, ಮುಂದಿನ ಅಂಚಿನಿಂದ ಅರ್ಧದವರೆಗೆ ಮಾತ್ರ ಇನ್ನೊಂದು ಹಾಳೆ ಅಂಟಿಸುವುದು. ನಡುವೆ ಒಂದು ಮೆಟ್ಟಿಲು ಉಳಿಯುತ್ತದೆ. ಮುಂದಿನ ಅಂಚನ್ನು ಮರಳು ಕಾಗದದಿಂದ ಉಜ್ಜಿ ದುಂಡಗೆ ಮಾಡಿ. ಚಪ್ಪಟೆ ಹಾಳೆಗಿಂತ ಇದು ನಿಧಾನದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಬಾಗುವುದೂ ಕಡಿಮೆ. ಎರಡು ಪದರದ ನಡುವೆ, ಅಂಚಿನಿಂದ 6 ಸೆಂ.ಮೀ. ಹಿಂದೆ, ಕೆಳಗಿನ ಹಾಳೆಯಲ್ಲಿ ತೋಡು ಕೊರೆದು ಪ್ರತಿ ರೆಕ್ಕೆಗೆ 35 ಸೆಂ.ಮೀ. ಉದ್ದದ, 5 ಮಿ.ಮೀ. ಕಾರ್ಬನ್ ಕೊಳವೆ ಕೂರಿಸಿ. ಸಿಗದಿದ್ದರೆ ಹದವಾಗಿ ಒಣಗಿದ ಬಿದಿರಿನ ಸೀಳು ಸಾಕು.

ನಿಮಗೆ ಏಲೆರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಪಟ್ಟಿ) ಬೇಡ. ಮೊದಲ ವಿಮಾನ ರಡ್ಡರ್ (ನಿಂತ ಬಾಲದಲ್ಲಿ ಎಡಬಲ ಆಡುವ ಪಟ್ಟಿ), ಎಲಿವೇಟರ್ (ಅಡ್ಡಬಾಲದಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ), ಮೋಟಾರು ಈ ಮೂರರಿಂದಲೇ ಹಾರಲಿ. ಆದರೆ ಏಲೆರಾನ್ ಇಲ್ಲದ ವಿಮಾನಕ್ಕೆ ರೆಕ್ಕೆಗಳು ಎರಡೂ ಕಡೆ ಮೇಲಕ್ಕೆ ಎದ್ದಿರಲೇಬೇಕು. ಹಾಗಿದ್ದರೆ ರಡ್ಡರ್ ತಿರುಗಿಸಿದಾಗ ವಿಮಾನ ಓರೆಯಾಗಿ ತಿರುವು ತೆಗೆದುಕೊಳ್ಳುತ್ತದೆ, ಕೈ ಬಿಟ್ಟರೆ ತಾನೇ ನೆಟ್ಟಗಾಗುತ್ತದೆ. ಎಷ್ಟು ಎತ್ತರ ಎಂದರೆ, ಒಂದು ರೆಕ್ಕೆಯನ್ನು ಮೇಜಿಗೆ ಒತ್ತಿ ಹಿಡಿದಾಗ ಇನ್ನೊಂದರ ತುದಿ 10 ಸೆಂ.ಮೀ. ಮೇಲಿರಬೇಕು. ಅಷ್ಟು ಎತ್ತರಕ್ಕೆ ಪುಸ್ತಕ ಪೇರಿಸಿಟ್ಟು, ಅದೇ ಕೋನದಲ್ಲಿ ಕತ್ತರಿಸಿದ 20 ಸೆಂ.ಮೀ. ಉದ್ದದ ಪ್ಲೈವುಡ್ ಪಟ್ಟಿಯನ್ನು ನಡುವಿಗೆ ಸೇರಿಸಿ ಅಂಟಿಸಿ. ಅವಸರಪಟ್ಟು ಈ ಒಂದು ಜೋಡಣೆಯನ್ನು ಕೆಡಿಸಿಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಒಂದು ರಾತ್ರಿ ಪೂರ್ತಿ ಒಣಗಲು ಬಿಡಿ.

ಅಂಟಿನ ವಿಷಯದಲ್ಲಿ ಎಚ್ಚರ. ಪಿವಿಸಿಗೆ ಹಾಕಿದ ಫೆವಿಕ್ವಿಕ್ಕನ್ನು ಫೋಮ್ ಬೋರ್ಡಿಗೆ ಹಾಕಿದರೆ ಒಳಗಿನ ಫೋಮ್ ಕರಗಿ ಗುಳಿ ಬೀಳುತ್ತದೆ. ಥರ್ಮೋಕೋಲಿಗೂ ಅಷ್ಟೇ. ಚಪ್ಪಲಿಗೆ ಹಚ್ಚುವ ರಬ್ಬರ್ ಅಂಟು, ಸ್ಪ್ರೇ ಬಣ್ಣ ಇವೂ ತಿನ್ನುತ್ತವೆ. ಬಿಳಿ ಫೆವಿಕಾಲ್ ಕಾಗದದ ಮೈಗೆ ಚೆನ್ನಾಗಿ ಹಿಡಿಯುತ್ತದೆ, ಒಣಗಲು ಮಾತ್ರ ತಾಳ್ಮೆ ಬೇಕು. ಪೆಟ್ಟಿಗೆಯ ಮೂಲೆಗಳಿಗೆ ಗ್ಲೂ ಗನ್ ಆಗಬಹುದು. ಆದರೆ ಕಾದ ಕಡ್ಡಿಯಿಂದ ಅಂಟು ಸುರಿದರೆ ಫೋಮ್ ಕರಗುವುದೂ ಉಂಟು, ತೂಕ ಏರುವುದೂ ಉಂಟು. ತೆಳುಗೆರೆ ಎಳೆದು ಹಳೆಯ ಎಟಿಎಂ ಕಾರ್ಡಿನಿಂದ ಒರೆಸಿ ತೆಗೆಯಿರಿ. ಮೋಟಾರು ಕೂರುವ 3 ಮಿ.ಮೀ. ಪ್ಲೈವುಡ್ಡಿಗೆ ಮಾತ್ರ ಅರಾಲ್ಡೈಟೇ ಬೇಕು, ಅಲ್ಲಿ ರಾಜಿ ಬೇಡ. ಕಟರಿನ ಬ್ಲೇಡನ್ನು ಆಗಾಗ ಮುರಿದು ಹೊಸ ತುದಿ ಮಾಡಿಕೊಳ್ಳಿ, ಮೊಂಡಾದ ಬ್ಲೇಡು ಫೋಮನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಎಲಿವೇಟರಿಗೆ ಬೇರೆ ಕೀಲು ಬೇಕಿಲ್ಲ: ಮೇಲಿನ ಕಾಗದ ಮತ್ತು ಫೋಮ್ ಕತ್ತರಿಸಿ, ಕೆಳಗಿನ ಕಾಗದ ಉಳಿಸಿ, ಅಂಚನ್ನು ಓರೆಯಾಗಿ ಸವರಿದರೆ ಅದೇ ಕೀಲು. ಅದರ ಮೇಲೊಂದು ಪಾರದರ್ಶಕ ಟೇಪು. ಹೊಟ್ಟೆಗೂ ಕತ್ತರಿಸಿದ ಅಂಚುಗಳಿಗೂ ಟೇಪು ಹಾಕಿ. ಬೆಳಗಿನ ಇಬ್ಬನಿಯ ಹುಲ್ಲಿನ ಮೇಲೆ ನಾಲ್ಕು ಸಲ ಇಳಿದರೆ ಕಾಗದ ಬಿಟ್ಟುಕೊಳ್ಳುತ್ತದೆ.

ರೆಕ್ಕೆಯನ್ನು ಮೈಗೆ ಅಂಟಿಸಬೇಡಿ. ಮೈಯಲ್ಲಿ ಮುಂದೊಂದು ಹಿಂದೊಂದು ಬಿದಿರ ಕಡ್ಡಿ ತೂರಿಸಿ, ರಬ್ಬರ್ ಬ್ಯಾಂಡುಗಳಿಂದ ರೆಕ್ಕೆ ಕಟ್ಟಿ. ಬಿದ್ದಾಗ ರೆಕ್ಕೆ ಮುರಿಯುವ ಬದಲು ಜಾರಿಕೊಳ್ಳುತ್ತದೆ. ಸರ್ವೊದಿಂದ ಬಾಲಕ್ಕೆ ಹೋಗುವ ತಂತಿ ಒಂದು ಮಿ.ಮೀ. ದಪ್ಪದ ಉಕ್ಕಿನದಿರಲಿ, ನಡುವೆ ಸ್ಟ್ರಾ ತುಂಡುಗಳಲ್ಲಿ ತೂರಿಸಿ, ಇಲ್ಲದಿದ್ದರೆ ಒತ್ತುವಾಗ ಬಾಗುತ್ತದೆ. ಸೈಕಲ್ ಕಡ್ಡಿ ಹಾಕುವವರಿದ್ದಾರೆ, ಬಾಲಕ್ಕೆ ಅದು ಅನಗತ್ಯ ಭಾರ. ಸರ್ವೊ ಕೈಯಲ್ಲಿ ಒಳಗಿನ ತೂತು, ಎಲಿವೇಟರಿನ ಕೊಂಬಿನಲ್ಲಿ (ತಂತಿ ಸಿಕ್ಕಿಸಲು ಅಂಟಿಸಿದ ತುಂಡು) ಹೊರಗಿನ ತೂತು ಬಳಸಿ. ಎಲಿವೇಟರಿನ ತುದಿ ಮೇಲೆ ಕೆಳಗೆ ಒಂದೊಂದು ಸೆಂ.ಮೀ. ಆಡಿದರೆ ಕಲಿಯುವ ಕೈಗೆ ಸಾಕು. ಮೋಟಾರನ್ನು ಎರಡು ಮೂರು ಡಿಗ್ರಿ ಬಲಕ್ಕೂ ಕೆಳಕ್ಕೂ ವಾಲಿಸಿ: ಹಿಂದೆ ನಿಂತು ನೋಡಿದಾಗ ಎಡಬದಿಯ ಮತ್ತು ಮೇಲುಬದಿಯ ಸ್ಕ್ರೂಗಳಡಿ ಒಂದೂವರೆ ಮಿ.ಮೀ. ವಾಷರ್ ಇಟ್ಟರೆ ಆ ಕೋನ ಬರುತ್ತದೆ. ಎಡಕ್ಕೆ ವಾಲುವ ಚಾಳಿಗೂ, ವೇಗ ಕೊಟ್ಟೊಡನೆ ಮೂಗೆತ್ತುವ ಚಾಳಿಗೂ ಅರ್ಧ ಮದ್ದು ಅಲ್ಲೇ ಇದೆ. ಪ್ರೊಪೆಲರಿನ ಅಕ್ಷರ ಕೆತ್ತಿದ ಮೈ ಮುಂದಕ್ಕೆ ಇರಲಿ. ಮೋಟಾರು ಹಿಂದುಮುಂದಾಗಿ ತಿರುಗಿದರೆ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಟ್ರಾನ್ಸ್‌ಮಿಟರಿನಲ್ಲಿ ರಡ್ಡರನ್ನು ಬಲಗೈಯ ಕಡ್ಡಿಗೆ, ಏಲೆರಾನಿನ ಚಾನೆಲ್ಲಿಗೆ ಹಾಕಿಕೊಳ್ಳಿ. ಮುಂದೆ ಏಲೆರಾನಿನ ವಿಮಾನಕ್ಕೆ ಹೋದಾಗ ಹೆಬ್ಬೆರಳಿಗೆ ಹೊಸ ಪಾಠ ಹೇಳಬೇಕಾಗಿಲ್ಲ.

ಬ್ಯಾಟರಿಯ ಜಾಗವನ್ನು ಕೊನೆಗೆ ನಿರ್ಧರಿಸಿ. ಎಲ್ಲ ಜೋಡಿಸಿದ ಮೇಲೆ, ರೆಕ್ಕೆಯ ಅಡಿಯಲ್ಲಿ ಅಂಚಿನಿಂದ ಐದೂವರೆ ಸೆಂ.ಮೀ. ಹಿಂದೆ ಎರಡೂ ಕಡೆ ಗುರುತು ಹಾಕಿ, ಅಲ್ಲಿಗೆ ಎರಡು ಬೆರಳು ಕೊಟ್ಟು ವಿಮಾನವನ್ನು ಎತ್ತಿ. ಮಟ್ಟವಾಗಿ ನಿಲ್ಲಬೇಕು, ಮೂಗು ಒಂದು ಕೂದಲೆಳೆ ತಗ್ಗಿದರೆ ಇನ್ನೂ ಒಳ್ಳೆಯದು. ನಿಲ್ಲುವವರೆಗೆ ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ, ನಿಂತ ಜಾಗದಲ್ಲಿ ಪೆನ್ನಿನಿಂದ ಗೆರೆ ಎಳೆದು ವೆಲ್ಕ್ರೊ ಅಂಟಿಸಿ. ಇದಾಗದೆ ಮನೆಯ ಹೊಸಿಲು ದಾಟಬೇಡಿ.

ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಗೆ ಮನೆಯಲ್ಲಿ ಎಲ್ಲರೂ ಭಯಭಕ್ತಿಯಿಂದ ಇರಬೇಕು. 1300 ಎಂಎಎಚ್‌ಗೆ 1.3 ಆಂಪಿಯರ್ ಮೀರದಂತೆ, ಎಲ್ಲ ಸೆಲ್ಲುಗಳನ್ನೂ ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರಿನಲ್ಲೇ ಚಾರ್ಜ್ ಮಾಡಿ, ಪಕ್ಕದಲ್ಲೇ ಕೂತಿರಿ. ಮಣ್ಣಿನ ಕುಂಡದಲ್ಲಿಟ್ಟು ಮಾಡುವುದು ನನ್ನ ಅಭ್ಯಾಸ. ಹಾರಾಟ ಮುಗಿದಾಗ ಒಂದೊಂದು ಸೆಲ್ಲಿನಲ್ಲೂ 3.5 ವೋಲ್ಟಿಗಿಂತ ಮೇಲೆ ಉಳಿದಿರಬೇಕು. ವಾರಗಟ್ಟಲೆ ಇಡುವುದಾದರೆ 3.8 ವೋಲ್ಟಿಗೆ ತಂದು ಇಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ, ಎಷ್ಟೇ ಬೆಲೆ ಕೊಟ್ಟಿದ್ದರೂ.

ಗಾಳಿಪಟಕ್ಕೆ ಆಷಾಢ ಹಬ್ಬ, ನಿಮ್ಮ ವಿಮಾನಕ್ಕೆ ಅದೇ ಶತ್ರು. ಪಕ್ಕದ ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರ ನಿಂತಿರುವುದು ಸುಮ್ಮನೆ ಅಲ್ಲ. ನವೆಂಬರಿನಿಂದ ಫೆಬ್ರವರಿವರೆಗಿನ ಬೆಳಗಿನ ಏಳರ ಹೊತ್ತು, ಎಲೆ ಅಲುಗದ ಗಾಳಿ, ರಾಗಿ ಕೊಯ್ದ ಹೊಲ ಅಥವಾ ಹುಲ್ಲು ಬೆಳೆದ ಬಯಲು, ಇವು ಕೂಡಿ ಬಂದ ದಿನ ಹೋಗಿ. ಜನ, ರಸ್ತೆ, ಕರೆಂಟಿನ ತಂತಿ ಹತ್ತಿರ ಬೇಡ. ಹೋಗುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ಡ್ರೋನ್ ನಕ್ಷೆಯಲ್ಲಿ ಆ ಜಾಗ ನೋಡಿ. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಕ್ಕೂ ಅನ್ವಯಿಸುತ್ತವೆ: ಹಸಿರು ವಲಯದಲ್ಲಿ (ಮುಂಗಡ ಅನುಮತಿ ಬೇಡದ ಜಾಗ) 120 ಮೀಟರ್ ಎತ್ತರದವರೆಗೆ, ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿ.ಮೀ. ದೂರದ ಪಟ್ಟಿಯಲ್ಲಿ 60 ಮೀಟರಿನವರೆಗೆ. ಬೆಂಗಳೂರಿನ ನಂಟರ ಮನೆಗೆ ವಿಮಾನ ಒಯ್ದು ಹಾರಿಸುವ ಆಸೆ ಬೇಡ. ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿ ಎಂದು ನಾಲ್ಕು ನಿಲ್ದಾಣಗಳ ನಡುವೆ ಆ ಊರಿದೆ. ನಿಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲೂ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ, ಆ ಕಡೆ ಹೋಗುವುದಾದರೆ ನಕ್ಷೆಯನ್ನು ಎರಡು ಸಲ ನೋಡಿ.

ಮೈದಾನದಲ್ಲಿ ಮೊದಲು ಮೋಟಾರಿಲ್ಲದೆ ಎಸೆಯಿರಿ. ಗಾಳಿಗೆ ಎದುರಾಗಿ, ಭುಜದ ಮಟ್ಟದಿಂದ, ನೆಲಕ್ಕೆ ಸಮವಾಗಿ, ತಳ್ಳಿದಂತೆ. ಮೇಲಕ್ಕೆ ಎಸೆಯಬೇಡಿ. ಎಂಟು ಹತ್ತು ಮೀಟರ್ ತೇಲಿ ಹುಲ್ಲಿನ ಮೇಲೆ ಕೂತರೆ ಸರಿ. ಮೂಗೆತ್ತಿ, ನಿಂತಂತಾಗಿ ದೊಪ್ಪೆಂದು ಬಿದ್ದರೆ ಬ್ಯಾಟರಿ ಅರ್ಧ ಸೆಂ.ಮೀ. ಮುಂದಕ್ಕೆ. ನೇರ ಕೆಳಕ್ಕೆ ಮೂಗುಜ್ಜಿದರೆ ಅಷ್ಟೇ ಹಿಂದಕ್ಕೆ. ನಾಲ್ಕೈದು ಸಲ ಸರಿಯಾಗಿ ತೇಲಿದ ಮೇಲೆ ಮೋಟಾರಿನ ಮಾತು. ಎಸೆಯುವ ಮುಂಚೆ ಪ್ರತಿ ಸಲವೂ ಬಾಯಿಬಿಟ್ಟು ಹೇಳಿಕೊಂಡು ಪರೀಕ್ಷಿಸಿ: ಕಡ್ಡಿ ನನ್ನ ಕಡೆ ಎಳೆದೆ, ಎಲಿವೇಟರ್ ಮೇಲೆದ್ದಿತು. ಬಲಕ್ಕೆ ತಳ್ಳಿದೆ, ರಡ್ಡರ್ ಬಲಕ್ಕೆ ಹೋಯಿತು. ಸರ್ವೊ ಬದಲಿಸಿದ ಮರುದಿನ ಈ ಪರೀಕ್ಷೆ ಮಾಡದೆ ಹಾರಿಸಿ, ಎಡಬಲ ಅದಲುಬದಲಾಗಿದ್ದ ವಿಮಾನವನ್ನು ಹತ್ತು ಸೆಕೆಂಡಿನಲ್ಲಿ ಕಳೆದುಕೊಂಡಿದ್ದೇನೆ. ಎರಡು ತಿಂಗಳ ಕೆಲಸ ಅದು. ಟ್ರಾನ್ಸ್‌ಮಿಟರ್ ಆರಿಸಿದರೆ ಮೋಟಾರು ತಾನೇ ನಿಲ್ಲುವಂತೆ ಫೇಲ್‌ಸೇಫ್ ಇಟ್ಟಿದ್ದೀರಾ ಎಂಬುದನ್ನೂ ನೋಡಿ, ಪ್ರೊಪೆಲರ್ ಬಿಚ್ಚಿಟ್ಟು.

ಕೊಳ್ಳುವ ವಿಷಯ. ಬರೀ ಹಾರಿಸುವ ಆಸೆಯಾಗಿದ್ದರೆ ಕೊಳ್ಳಿ ಎನ್ನುತ್ತಿದ್ದೆ. ಇಪಿಪಿ ಎಂಬ, ಬಾಗಿದರೂ ಬೇಗ ಮುರಿಯದ ಫೋಮಿನ ಸಿದ್ಧ ವಿಮಾನಗಳು ಗಟ್ಟಿಮುಟ್ಟು, ಬೇಗ ಕಲಿಸುತ್ತವೆ. ಆದರೆ ನಿಮ್ಮ ಪತ್ರದಲ್ಲಿ ಕಟ್ಟುವ ಆಸೆಯೇ ಹೆಚ್ಚು ಕಾಣುತ್ತದೆ. ತಾನು ಕಟ್ಟಿದ್ದನ್ನು ಮುರಿದಾಗ ತಾನೇ ರಿಪೇರಿ ಮಾಡಬಲ್ಲ ಹುಡುಗಿ ಇನ್ನೂರು ಸಲ ಹಾರಿಸುತ್ತಾಳೆ, ಕೊಂಡದ್ದು ಮುರಿದರೆ ಪೆಟ್ಟಿಗೆ ಸೇರುತ್ತದೆ. ಉಳಿದ ಹಣದಲ್ಲಿ ಟ್ರಾನ್ಸ್‌ಮಿಟರನ್ನು ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಕೇಬಲ್ ತನ್ನಿ. ಅಂಟು ಒಣಗುವ ರಾತ್ರಿಗಳಲ್ಲಿ ಸಿಮ್ಯುಲೇಟರಿನಲ್ಲಿ ಒಟ್ಟು ಹತ್ತು ಗಂಟೆ ಕೂರಲಿ. ವಿಮಾನ ನಮ್ಮ ಕಡೆ ಮುಖಮಾಡಿ ಬರುವಾಗ ಎಡಬಲ ತಿರುಗುಮುರುಗಾಗುತ್ತದಲ್ಲ, ಅದು ಬೆರಳಿಗೆ ಹತ್ತುವುದು ಅಲ್ಲೇ. ಅವಳ ಶಾಲೆಯಲ್ಲಿ ಎನ್‌ಸಿಸಿ ವಾಯು ವಿಭಾಗ ಇದ್ದರೆ ವಿಚಾರಿಸಿ, ಅಲ್ಲಿ ಏರೋಮಾಡೆಲಿಂಗ್ ಕಲಿಸುತ್ತಾರೆ.

ಮೊದಲ ಹಾರಾಟದ ದಿನ ವಿಮಾನ ಎಸೆಯುವುದು ನೀವು, ಕಡ್ಡಿ ಹಿಡಿಯುವುದು ಅವಳು. ಮುಕ್ಕಾಲು ವೇಗ, ನೇರ ಎಸೆತ, ಐದು ಸೆಕೆಂಡು ಯಾವ ತಿರುವೂ ಬೇಡ. ಮೂರು ತೆಂಗಿನಮರದಷ್ಟು ಎತ್ತರಕ್ಕೆ ಏರಿದ ಮೇಲೆ ಅರ್ಧ ವೇಗಕ್ಕೆ ಇಳಿಸಿ, ಅಗಲವಾದ ಎಡತಿರುವುಗಳು. ಎರಡು ನಿಮಿಷಕ್ಕೇ ಇಳಿಸಿಬಿಡಿ. ಹೊರಡುವ ಮುನ್ನ ಕಟ್ಟಿ ಮುಗಿದ ತೂಕವನ್ನೂ, ಬೆರಳಿನ ಮೇಲೆ ನಿಂತ ಜಾಗವನ್ನೂ ಬರೆದು ಕಳಿಸಿ. 700 ಗ್ರಾಂ ದಾಟಿದ್ದರೆ ಎಲ್ಲಿ ಕಡಿಮೆ ಮಾಡಬಹುದೆಂದು ಹೇಳುತ್ತೇನೆ.